ಸೀರಿಯಂ: ರೇರ್ ಅರ್ಥ್ ಗುಂಪಿನ ಅಗ್ಗದ ಲೋಹ ಮಾಡುವ ದೊಡ್ಡ ಕೆಲಸಗಳು

(ಕಾಲೇಜು ವಿದ್ಯಾರ್ಥಿಗಳು ಮತ್ತು ವಿಜ್ಞಾನಾಸಕ್ತರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೇರ್ ಅರ್ಥ್ ಲೋಹಗಳ, ಅಂದರೆ ಹೆಚ್ಚುಕಮ್ಮಿ ಒಂದೇ ಥರ ವರ್ತಿಸುವ ಹದಿನೇಳು ಲೋಹಗಳ ಗುಂಪಿನ ಬಗ್ಗೆ ಮಾತಾಡಿ ಅಂತ ಕರೆದಾಗ ಸಂಘಟಕರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ನಿಯೋಡಿಮಿಯಂ. ಎಲೆಕ್ಟ್ರಿಕ್ ಸ್ಕೂಟರಿನ ಮೋಟರು, ಅದರೊಳಗಿನ ಆಯಸ್ಕಾಂತ, ಚೀನಾದ ರಫ್ತು ನಿರ್ಬಂಧ, ಇದೇ ತಾನೇ ಈಗಿನ ಸುದ್ದಿ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ಥ್‌ಗಳ ರಫ್ತಿಗೆ ಲೈಸೆನ್ಸು ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಂಪನಿಗಳು ಪೇಚಿಗೆ ಸಿಕ್ಕಿದವು. ಆ ಏಳರಲ್ಲಿ ಡಿಸ್ಪ್ರೋಸಿಯಂ ಇತ್ತು, ಟರ್ಬಿಯಂ ಇತ್ತು. ಸೀರಿಯಂ ಇರಲಿಲ್ಲ. ಸೀರಿಯಂ ಕೊಡಲ್ಲ ಅಂತ ಈಗ ಯಾರೂ ಯಾರನ್ನೂ ಹೆದರಿಸುವುದಿಲ್ಲ. ಅದು ಬೇಕಾದಷ್ಟು ಬಿದ್ದಿದೆ.

ನಾನು ಇವತ್ತು ಮಾತಾಡೋದು ಆ ಬಿದ್ದಿರುವ ಲೋಹದ ಬಗ್ಗೆ.

ಭೂಮಿಯ ಹೊರಪದರದ ಒಂದು ಟನ್ ಕಲ್ಲಿನಲ್ಲಿ ಸರಾಸರಿ 60 ಗ್ರಾಂ ಆಸುಪಾಸು ಸೀರಿಯಂ ಇದೆ. ತಾಮ್ರವೂ ಹೆಚ್ಚುಕಮ್ಮಿ ಅಷ್ಟೇ. ಸೀಸ, ತವರ ಎರಡಕ್ಕಿಂತಲೂ ಸೀರಿಯಂ ಜಾಸ್ತಿ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ತಗೊಳ್ಳಿ, ಒಳ ಮಂಗೋಲಿಯಾದ ಬಯಾನ್ ಓಬೋ ತಗೊಳ್ಳಿ, ನಮ್ಮ ಕೇರಳ, ತಮಿಳುನಾಡು, ಒಡಿಶಾದ ಕಡಲತೀರದ ಮರಳು ತಗೊಳ್ಳಿ. ಎಲ್ಲಿ ಅಗೆದರೂ ಸಿಗುವ ರೇರ್ ಅರ್ಥ್‌ನಲ್ಲಿ ಸುಮಾರು ಅರ್ಧ ಭಾಗ ಇದೊಂದೇ. ನಿಮಗೆ ಬೇಕಾದದ್ದು ಒಂದು ಕಿಲೋ ನಿಯೋಡಿಮಿಯಂ ಅಂತಿಟ್ಟುಕೊಳ್ಳಿ, ಬೇಡ ಅಂದರೂ ಮೂರು ನಾಲ್ಕು ಕಿಲೋ ಸೀರಿಯಂ ಜತೆಗೇ ಬರುತ್ತದೆ.

ಹಾಗಾಗಿ ಸೀರಿಯಂನ ಚರಿತ್ರೆ ಅಂದರೆ, ಬೇರೆ ಯಾವುದಕ್ಕೋ ಅಗೆದಾಗ ರಾಶಿ ಬಿದ್ದ ಉಳಿಕೆಗೆ ಕೆಲಸ ಹುಡುಕಿದವರ ಚರಿತ್ರೆ. ಹಾಗೆ ಹುಡುಕಿದ ಕೆಲಸಗಳಲ್ಲಿ ಹೆಚ್ಚಿನವು ಸಾಧ್ಯವಾದದ್ದು ಅದರ ಒಂದೇ ಒಂದು ಎಲೆಕ್ಟ್ರಾನಿನಿಂದ. ಈ ಎರಡು ವಿಷಯ ಹಿಡಿದುಕೊಂಡೇ ಮುಂದೆ ಹೋಗೋಣ.

ಹೊಸ್ತಿಲ ಮೇಲಿನ ಎಲೆಕ್ಟ್ರಾನ್

ಮೊದಲು ಗುರುತು ಪರಿಚಯ. ಸೀರಿಯಂನ ಪರಮಾಣು ಸಂಖ್ಯೆ 58. 1803ರಲ್ಲಿ ಸ್ವೀಡನ್ನಿನ ಬೆರ್ಜೀಲಿಯಸ್ ಮತ್ತು ಹಿಸಿಂಗರ್ ಒಂದು ಕಡೆ, ಜರ್ಮನಿಯ ಕ್ಲಾಪ್ರಾತ್ ಇನ್ನೊಂದು ಕಡೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ವರ್ಷ ಇದನ್ನು ಕಂಡುಹಿಡಿದರು. ಎರಡು ವರ್ಷ ಮೊದಲು ಆಕಾಶದಲ್ಲಿ ಸಿಕ್ಕಿದ್ದ ಸೀರಿಸ್ ಎಂಬ ಕಾಯದ ಹೆಸರನ್ನೇ ಇದಕ್ಕೂ ಇಟ್ಟರು. ಅವರಿಗೆ ಸಿಕ್ಕಿದ್ದು ಆಕ್ಸೈಡ್. ಸಾಕಷ್ಟು ಶುದ್ಧವಾದ ಲೋಹ ಕೈಗೆ ಬರಲು 1875ರವರೆಗೆ ಕಾಯಬೇಕಾಯಿತು.

ಲೋಹ ನೋಡಲು ಕಬ್ಬಿಣದ ಹಾಗೆ ಬೂದು. ಆದರೆ ಮೆತ್ತಗೆ, ಚಾಕುವಿನಿಂದ ಕೊಯ್ಯಬಹುದು. 795 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಕುದಿಯಬೇಕಾದರೆ ಮಾತ್ರ 3,400 ಡಿಗ್ರಿ ದಾಟಬೇಕು. ಗಾಳಿಯಲ್ಲಿಟ್ಟರೆ ಹೊಳಪು ಬೇಗ ಹೋಗುತ್ತದೆ, ಮೇಲೆ ಪುಡಿಪುಡಿ ಪದರ ಏಳುತ್ತದೆ. ಆ ಪದರ ಉದುರಿದರೆ ಒಳಗಿನದು ಶುರು. ಒಂದು ಸೆಂಟಿಮೀಟರ್ ದಪ್ಪದ ತುಂಡನ್ನು ಹಾಗೇ ಬಿಟ್ಟರೆ ಸುಮಾರು ಒಂದು ವರ್ಷದಲ್ಲಿ ಪೂರ್ತಿ ಪುಡಿ. ಅದಕ್ಕೇ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಬೆಂಕಿ ಹತ್ತಿಕೊಂಡರೆ ನೀರು ಹಾಕುವ ಹಾಗಿಲ್ಲ, ಬಿಸಿ ಸೀರಿಯಂ ನೀರಿನಿಂದ ಹೈಡ್ರೋಜನ್ ಎಬ್ಬಿಸುತ್ತದೆ. ಒಣ ಮರಳೇ ಗತಿ.

ಈಗ ಎಲೆಕ್ಟ್ರಾನಿಗೆ ಬರೋಣ. ಸೀರಿಯಂನ ಹೊರಗಡೆ ನಾಲ್ಕು ಎಲೆಕ್ಟ್ರಾನ್‌ಗಳಿವೆ. ಮೂರನ್ನು ಎಲ್ಲ ರೇರ್ ಅರ್ಥ್‌ಗಳ ಹಾಗೆ ಸಲೀಸಾಗಿ ಬಿಟ್ಟುಕೊಡುತ್ತದೆ. ನಾಲ್ಕನೆಯದು 4ಎಫ್ ಅನ್ನುವ ಒಳಕೋಣೆಯದು. ಬೇರೆ ರೇರ್ ಅರ್ಥ್‌ಗಳಲ್ಲಿ ಈ ಒಳಕೋಣೆಯ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಸೀರಿಯಂನಲ್ಲಿ ಮಾತ್ರ ಅದು ಹೊಸ್ತಿಲ ಮೇಲೆ ಕೂತವನ ಹಾಗೆ. ಕರೆದರೆ ಹೊರಗೆ, ಗದರಿದರೆ ಒಳಗೆ. ಹೊರಗೆ ಹೋದರೆ ಸೀರಿಯಂ 4+, ಒಳಗೇ ಉಳಿದರೆ 3+. ಎರಡೂ ಸ್ಥಿತಿ ಅದಕ್ಕೆ ಒಗ್ಗುತ್ತವೆ. ಒಂದರಿಂದ ಇನ್ನೊಂದಕ್ಕೆ ಸಾವಿರಾರು ಸಲ ಹೋಗಿಬಂದರೂ ಸುಸ್ತಾಗುವುದಿಲ್ಲ.

ಇದು ನಿಮಗೆ ಹೊಸದೇನಲ್ಲ. ಬಿ.ಎಸ್ಸಿ. ಲ್ಯಾಬಿನಲ್ಲಿ ಆಲ್ಕೋಹಾಲ್ ಟೆಸ್ಟ್ ಮಾಡಿದ್ದೀರಿ ಅಲ್ವಾ? ಕಿತ್ತಳೆ ಬಣ್ಣದ ಸೀರಿಕ್ ಅಮೋನಿಯಂ ನೈಟ್ರೇಟ್ ದ್ರಾವಣದ ಎರಡು ಹನಿ ಹಾಕಿದ ತಕ್ಷಣ ಕೆಂಪಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಕೆಂಪೂ ಮಾಸುತ್ತಾ ಹೋಗುತ್ತದೆ. ಕೆಂಪಾಗುವುದು ಆಲ್ಕೋಹಾಲ್ ಸೀರಿಯಂಗೆ ಅಂಟಿಕೊಂಡದ್ದರಿಂದ. ಮಾಸುವುದು 4+ ಸೀರಿಯಂ ಆಲ್ಕೋಹಾಲಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಬಣ್ಣವಿಲ್ಲದ 3+ ಆದದ್ದರಿಂದ. ರೆಕಾರ್ಡ್ ಬುಕ್ಕಿನಲ್ಲಿ ‘ಕೆಂಪು ಬಣ್ಣ, ಆಲ್ಕೋಹಾಲ್ ಇದೆ’ ಅಂತ ಬರೆದು ಸುಮ್ನೆ ಟೆಸ್ಟ್ ಟ್ಯೂಬ್ ತೊಳೆದುಬಿಡುತ್ತೇವೆ. ಇನ್ನೊಂದು ಹತ್ತು ನಿಮಿಷ ನೋಡುತ್ತಾ ನಿಂತರೆ ನಾಲ್ಕನೆಯ ಎಲೆಕ್ಟ್ರಾನ್ ಮನೆಗೆ ವಾಪಸ್ ಬಂದದ್ದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಚಮತ್ಕಾರ ಹೇಳಲೇಬೇಕು, ಇದರಿಂದ ಕಾಸಿನ ಉಪಯೋಗ ಇಲ್ಲದಿದ್ದರೂ. ಸೀರಿಯಂ ಲೋಹದ ತುಂಡನ್ನು ಸುಮಾರು 8,000 ವಾತಾವರಣದಷ್ಟು ಒತ್ತಡದಲ್ಲಿ ಅದುಮಿ. ಅಂದರೆ ಸಮುದ್ರದ ಅತಿ ಆಳದ ತಳದಲ್ಲಿರುವ ಒತ್ತಡದ ಏಳು ಪಟ್ಟು. ಅಲ್ಲಿಯವರೆಗೆ ಬೇರೆ ಲೋಹಗಳ ಹಾಗೆಯೇ ಇದ್ದದ್ದು ಆಗ ಏಕಾಏಕಿ ಕುಸಿಯುತ್ತದೆ. ಗಾತ್ರದಲ್ಲಿ ಸುಮಾರು ಶೇ. 15 ಮಾಯ. ಆದರೆ ಪರಮಾಣುಗಳು ಜೋಡಿಸಿಕೊಂಡಿರುವ ವಿನ್ಯಾಸ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಪ್ರತಿ ಪರಮಾಣುವೇ ಚಿಕ್ಕದಾಯಿತು ಅನ್ನುವ ಹಾಗೆ. ಆ ನಾಲ್ಕನೆಯ ಎಲೆಕ್ಟ್ರಾನ್ ಒತ್ತಡಕ್ಕೆ ತನ್ನ ನಡವಳಿಕೆ ಬದಲಿಸಿದ್ದೇ ಕಾರಣ ಅನ್ನುವುದರಲ್ಲಿ ಭೌತವಿಜ್ಞಾನಿಗಳಿಗೆ ಒಮ್ಮತವಿದೆ. ಹೇಗೆ ಬದಲಿಸಿತು ಅನ್ನುವುದರ ಮೇಲೆ ದಶಕಗಳಿಂದ ಜಗಳ ನಡೆದಿದೆ.

ಮ್ಯಾಂಟಲ್, ಮರಳು, ಕಿಡಿ

ಮೇಜಿನ ಮೇಲೆ ಗ್ಯಾಸ್‌ಲೈಟಿನ ಮ್ಯಾಂಟಲ್ ಇಟ್ಟಿದ್ದೇನೆ. ಮುಂದಿನ ಸಾಲಿನ ಹಿರಿಯರು ಆಗಲೇ ನಗುತ್ತಿದ್ದಾರೆ. ಹುಡುಗರು ಇದೇನು ಸಾಕ್ಸಾ ಅಂತ ನೋಡುತ್ತಿದ್ದೀರಿ.

ಕರೆಂಟು ಬರುವ ಮೊದಲು ನಮ್ಮ ಯಕ್ಷಗಾನದ ಬಯಲಾಟ, ಮದುವೆ ದಿಬ್ಬಣ, ಜಾತ್ರೆ ಎಲ್ಲ ನಡೆದದ್ದು ಇದರ ಬೆಳಕಿನಲ್ಲಿ. ಈ ಬಟ್ಟೆಯ ಚೀಲವನ್ನು ಬರ್ನರಿಗೆ ಕಟ್ಟಿ ಮೊದಲ ಸಲ ಹಚ್ಚಿದಾಗ ಬಟ್ಟೆ ಕಪ್ಪಾಗಿ, ಮುದುಡಿ, ಸುಟ್ಟೇ ಹೋಗುತ್ತದೆ. ಉಳಿಯುವುದು ಬಟ್ಟೆಯ ಆಕಾರದ ಬಿಳಿ ಬೂದಿ. ಆಮೇಲೆ ಪಂಪು ಹೊಡೆದು ಸೀಮೆಎಣ್ಣೆಯ ಆವಿ ಉರಿಸಿದರೆ ಆ ಬೂದಿಯ ಬಲೆ ಕಣ್ಣು ಕೋರೈಸುವ ಹಾಗೆ ಬೆಳಗುತ್ತದೆ. ಬೆರಳು ತಾಗಿದರೆ ಪುಡಿ. ಒಂದು ದೊಡ್ಡ ಹುಳ ಬಂದು ಬಡಿದರೂ ಸಾಕು, ತೂತು ಬಿದ್ದು, ಆಟದ ನಡುವೆ ಮ್ಯಾಂಟಲ್ ಬದಲಿಸುವ ಗಡಿಬಿಡಿ.

ಆ ಬೂದಿಯಲ್ಲಿ ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಇದನ್ನು ಕಂಡುಹಿಡಿದವನು ವಿಯೆನ್ನಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್. ನಿಮ್ಮ ಲ್ಯಾಬಿನ ಬರ್ನರ್ ಇದೆಯಲ್ಲ, ಆ ಬುನ್ಸೆನ್‌ನ ಶಿಷ್ಯ. 1885ರಲ್ಲಿ ಮೊದಲ ಮ್ಯಾಂಟಲ್‌ಗೆ ಪೇಟೆಂಟ್ ತೆಗೆದ. ಆಗ ಬೇರೆ ಆಕ್ಸೈಡ್‌ಗಳನ್ನು ಬಳಸಿದ್ದ. ಬೆಳಕು ಹಸಿರು ಹಸಿರು, ಬಲೆ ಬಹಳ ನಾಜೂಕು. ಜನ ಕೊಳ್ಳಲಿಲ್ಲ, ಕಾರ್ಖಾನೆ ಮುಚ್ಚಿತು. ಛಲ ಬಿಡದೆ ಥೋರಿಯಂ ಹಿಡಿದ. ಆಗ ಒಂದು ವಿಚಿತ್ರ ಕಾಣಿಸಿತು. ಥೋರಿಯಂ ಶುದ್ಧ ಮಾಡಿದಷ್ಟೂ ಬೆಳಕು ಕಮ್ಮಿ! ಕೊಳೆಯಾಗಿ ಸೇರಿಕೊಂಡಿದ್ದ ಸೀರಿಯಂ ಬೆಳಗುತ್ತಿತ್ತು. ಥೋರಿಯಂ ಆಕ್ಸೈಡ್ ಶಾಖವನ್ನು ಸುಲಭಕ್ಕೆ ಹೊರಸೂಸದೆ ವಿಪರೀತ ಬಿಸಿಯಾಗುತ್ತದೆ, ಆ ಬಿಸಿಯನ್ನು ಕಣ್ಣಿಗೆ ಕಾಣುವ ಬೆಳಕಾಗಿ ಸೀರಿಯಂ ಹೊರಹಾಕುತ್ತದೆ. ಸೀರಿಯಂ ಜಾಸ್ತಿ ಹಾಕಿದರೆ ಬಲೆ ತಣ್ಣಗಾಗಿ ಬೆಳಕು ಮತ್ತೆ ಇಳಿಯುತ್ತದೆ. ಶೇ. 1 ಅನ್ನುವುದು ಅಳೆದು ತೂಗಿ ಸಿಕ್ಕ ಲೆಕ್ಕ. 1891ರಲ್ಲಿ ಈ ಹೊಸ ಮ್ಯಾಂಟಲ್ ಪೇಟೆಗೆ ಬಂತು. ಎಡಿಸನ್ನನ ವಿದ್ಯುತ್ ಬಲ್ಬು ಆಗಲೇ ಬಂದು ಹತ್ತು ವರ್ಷ ದಾಟಿತ್ತು. ಆದರೂ ಗ್ಯಾಸ್ ದೀಪದ ಆಯಸ್ಸನ್ನು ಈ ಮ್ಯಾಂಟಲ್ ಹಲವು ದಶಕ ಹೆಚ್ಚಿಸಿತು.

ಥೋರಿಯಂ ಬೇಕಾಯಿತು ಅಂದಮೇಲೆ ಮೊನಜೈಟ್ ಬೇಕಾಯಿತು. ಮೊನಜೈಟ್ ಅಂದರೆ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ, ಥೋರಿಯಂಗಳ ಫಾಸ್ಫೇಟ್ ಇರುವ ಜೇನುಬಣ್ಣದ ಮರಳು. ಮೊದಲು ಬ್ರೆಜಿಲ್‌ನಿಂದ ಬರುತ್ತಿತ್ತು. 1909ರಲ್ಲಿ ಶೋಂಬರ್ಗ್ ಅನ್ನುವ ಜರ್ಮನ್ ತಜ್ಞ ತಿರುವಾಂಕೂರಿನ ಕಡಲತೀರದಲ್ಲಿ ಇದನ್ನು ಗುರುತಿಸಿದ. ಅಲ್ಲಿಂದ ಯುರೋಪಿಗೆ ಹೋಗುತ್ತಿದ್ದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳೇ ಅವನಿಗೆ ಸುಳಿವು ಕೊಟ್ಟಿತು ಅಂತ ಹೇಳುತ್ತಾರೆ. ಕನ್ಯಾಕುಮಾರಿ ಹತ್ತಿರದ ಮಣವಾಳಕುರಿಚ್ಚಿಯಲ್ಲಿ ಮರಳು ತೆಗೆಯುವ ಕೆಲಸ ಶುರುವಾಯಿತು. ಮೊದಲ ಮಹಾಯುದ್ಧ ಬಂದಾಗ ಅದರ ಮೇಲಿನ ಜರ್ಮನ್ ಹಿಡಿತ ತಪ್ಪಿ ಬ್ರಿಟಿಷರ ಕೈಗೆ ಹೋಯಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಥೋರಿಯಂಗೆ ಅಣುಶಕ್ತಿಯ ಬೆಲೆ ಬಂದಿತ್ತು, ಮರಳಿನ ರಫ್ತಿಗೆ ತಡೆ ಬಿತ್ತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಕಂಪನಿ ಹುಟ್ಟಿತು. 1952ರ ಡಿಸೆಂಬರ್‌ನಲ್ಲಿ ಕೇರಳದ ಆಲುವಾದ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ರೇರ್ ಅರ್ಥ್ ವಿಷಯದಲ್ಲಿ ಭಾರತ ತಡವಾಗಿ ಎದ್ದಿತು ಅಂತ ಟಿವಿಯಲ್ಲಿ ಹೇಳುವವರಿಗೆ ಈ ಇಸವಿ ನೆನಪಿಸಬೇಕು. ಬೇಗ ಎದ್ದೆವು, ಆಮೇಲೆ ಮಲಗಿದೆವು.

ಯುರೋಪಿನಲ್ಲಿ ಮ್ಯಾಂಟಲ್‌ಗೋಸ್ಕರ ಥೋರಿಯಂ ತೆಗೆದ ಮೇಲೆ ಉಳಿದದ್ದು ರಾಶಿ ರಾಶಿ ಸೀರಿಯಂ ಮಿಶ್ರಣ. ಅದಕ್ಕೇನು ಮಾಡೋದು? ಔವರ್ ಅದಕ್ಕೂ ದಾರಿ ಹುಡುಕಿದ. ಮಿಶ್ರಣವನ್ನು ಹಾಗೇ ಲೋಹ ಮಾಡಿದ. ಅದನ್ನು ಮಿಶ್ ಮೆಟಲ್ ಅನ್ನುತ್ತಾರೆ, ಸುಮಾರು ಅರ್ಧ ಸೀರಿಯಂ, ಕಾಲು ಭಾಗ ಲ್ಯಾಂಥನಂ. ಅದಕ್ಕೆ ಶೇ. 30ರಷ್ಟು ಕಬ್ಬಿಣ ಬೆರೆಸಿ 1903ರಲ್ಲಿ ಪೇಟೆಂಟ್ ಮಾಡಿಸಿದ. ಅದೇ ಫೆರೋಸೀರಿಯಂ. ಸಿಗರೇಟ್ ಲೈಟರ್ ಒಳಗಿನ ಪುಟ್ಟ ‘ಕಲ್ಲು’.

(ಇಲ್ಲಿ ದೀಪ ಆರಿಸಿ, ಕಿರುಬೆರಳಿನಷ್ಟು ದಪ್ಪದ ಫೆರೋಸೀರಿಯಂ ಕಡ್ಡಿಯನ್ನು ಹ್ಯಾಕ್ಸಾ ಬ್ಲೇಡಿನ ಬೆನ್ನಿನಿಂದ ಕೆರೆದು ತೋರಿಸಿದೆ.)

ಮೊದಲೆರಡು ಸಲ ಏನೂ ಬರಲಿಲ್ಲ, ನೋಡಿದಿರಾ? ಅದು ಮೇಲಿನ ಕಪ್ಪು ಲೇಪ. ಒಳಗಿನ ಬೂದು ಲೋಹ ಕಾಣಿಸಿದ ಮೇಲೆ ಕಿಡಿಯ ಸುರಿಮಳೆ. ಬ್ಲೇಡು ಕಡ್ಡಿಯಿಂದ ಸಣ್ಣ ಸಣ್ಣ ಚೂರು ಎಬ್ಬಿಸುತ್ತದೆ. ಸೀರಿಯಂ 150 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳುವ ಲೋಹ. ಕೆರೆತದ ಬಿಸಿಯೇ ಅದಕ್ಕೆ ಸಾಕು. ಹೊತ್ತಿದ ಚೂರು ಗಾಳಿಯ ಆಕ್ಸಿಜನ್ ಹೀರಿ ಸುಮಾರು 3,000 ಡಿಗ್ರಿಯವರೆಗೆ ಏರುತ್ತದೆ. ಕಬ್ಬಿಣ ಯಾಕೆ ಬೇಕು? ಬರೀ ಸೀರಿಯಂ ಮೆತ್ತಗಾಯಿತು, ಕೆರೆದರೆ ಬಳಿದುಕೊಳ್ಳುತ್ತದೆ. ಕಬ್ಬಿಣ ಸೇರಿದರೆ ಗಡುಸಾಗಿ ಚೂರು ಸಿಡಿಯುತ್ತದೆ.

ಹಳೆಯ ಚಕಮಕಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಕಲ್ಲು ಬರೀ ಹೆರೆಯುತ್ತದೆ, ಉರಿಯುವುದು ಉಕ್ಕಿನ ಚೂರು. ಲೈಟರಿನಲ್ಲಿ ಉಕ್ಕಿನ ಚಕ್ರ ಹೆರೆಯುತ್ತದೆ, ಉರಿಯುವುದು ‘ಕಲ್ಲು’. ಗ್ಯಾಸ್ ವೆಲ್ಡಿಂಗ್ ಮಾಡುವವರು ಟಾರ್ಚ್ ಹಚ್ಚಲು ಚಿಮಟದ ಹಾಗಿನ ಒಂದು ಲೈಟರ್ ಕಟಕಟ ಅನ್ನಿಸುತ್ತಾರಲ್ಲ, ಅದರಲ್ಲೂ ಇದೇ ಇರುವುದು.

ಸೈಲೆನ್ಸರ್ ದಾರಿಯಲ್ಲಿ

ಈಗ ಸೀರಿಯಂ ಮಾಡುವ ಅತಿ ಮುಖ್ಯ ಕೆಲಸ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಪೆಟ್ರೋಲ್ ಕಾರಿನ ಹೊಗೆಯಲ್ಲಿ ಮೂರು ಕೆಟ್ಟ ಅನಿಲಗಳಿವೆ. ಕಾರ್ಬನ್ ಮಾನಾಕ್ಸೈಡ್, ಸರಿಯಾಗಿ ಸುಡದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳು. ಮೊದಲೆರಡಕ್ಕೆ ಆಕ್ಸಿಜನ್ ಸೇರಿಸಬೇಕು. ಮೂರನೆಯದರಿಂದ ಆಕ್ಸಿಜನ್ ಕಿತ್ತು ಹಾಕಬೇಕು. ಒಂದೇ ಕೊಳವೆಯಲ್ಲಿ, ಒಂದೇ ಕ್ಷಣದಲ್ಲಿ ಎರಡೂ ನಡೆಯಬೇಕು. ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ ಗಾಳಿ 14.7 ಪಾಲು ಇದ್ದರೆ ಇದು ಸಾಧ್ಯ. ಸ್ವಲ್ಪ ಆಚೀಚೆ ಆದರೆ ಒಂದು ಕೆಲಸ ಕೆಡುತ್ತದೆ. ಎಂಜಿನ್ನಿನ ಕಂಪ್ಯೂಟರ್ ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕವನ್ನು ಗೆರೆ ಎಳೆದ ಹಾಗೆ ಹಿಡಿಯಲು ಆಗುವುದಿಲ್ಲ. ಗಾಳಿ ಒಂದು ಕ್ಷಣ ಜಾಸ್ತಿ, ಮರುಕ್ಷಣ ಕಮ್ಮಿ, ಹೀಗೆ ತೂಗಾಡುತ್ತಲೇ ಇರುತ್ತದೆ.

ಸೈಲೆನ್ಸರ್ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ಒಳಗೆ ಜೇನುಗೂಡಿನಂಥ ಪಿಂಗಾಣಿ. ಅದರ ಸಾವಿರಾರು ಸಣ್ಣ ಕಿಂಡಿಗಳ ಗೋಡೆಗೆ ಒಂದು ಲೇಪ. ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಚಿಟಿಕೆಯಷ್ಟು. ಕಳ್ಳರು ಡಬ್ಬಿ ಕದಿಯುವುದು ಇವುಗಳಿಗೋಸ್ಕರ. ಜತೆಗೆ ಅದೇ ಲೇಪದಲ್ಲಿ ಇವಕ್ಕಿಂತ ಎಷ್ಟೋ ಜಾಸ್ತಿ ಪ್ರಮಾಣದಲ್ಲಿ ಸೀರಿಯಂ ಆಕ್ಸೈಡ್. ಕಳ್ಳರಿಗೆ ಅದು ಬೇಡ.

ಹೊಗೆಯಲ್ಲಿ ಆಕ್ಸಿಜನ್ ಕಮ್ಮಿಯಾದ ಕ್ಷಣ ಸೀರಿಯಂ ಆಕ್ಸೈಡ್ ತನ್ನೊಳಗಿನ ಆಕ್ಸಿಜನ್ ಬಿಟ್ಟುಕೊಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಅದನ್ನು ತಗೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸೀರಿಯಂ 4+ ಇದ್ದದ್ದು 3+ ಆಗುತ್ತದೆ. ಆಕ್ಸಿಜನ್ ಜಾಸ್ತಿಯಾದ ಕ್ಷಣ ಅದನ್ನು ವಾಪಸ್ ಒಳಗೆಳೆದುಕೊಂಡು ಮತ್ತೆ 4+. ಹರಳಿನ ಚೌಕಟ್ಟು ಮುರಿಯುವುದಿಲ್ಲ. ಅಲ್ಲಲ್ಲಿ ಆಕ್ಸಿಜನ್ ಜಾಗ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ, ಅಷ್ಟೆ. ಹೊಸ್ತಿಲ ಮೇಲಿನ ಎಲೆಕ್ಟ್ರಾನ್ ಒಳಗೆ ಬಂದಾಗ ಆಕ್ಸಿಜನ್ ಹೊರಗೆ, ಎಲೆಕ್ಟ್ರಾನ್ ಹೊರಗೆ ಹೋದಾಗ ಆಕ್ಸಿಜನ್ ಒಳಗೆ. ನೀವು ಸಿಗ್ನಲ್‌ನಲ್ಲಿ ನಿಂತಿರುವಾಗಲೂ ಇದು ನಡೆದೇ ಇರುತ್ತದೆ.

ಬರೀ ಸೀರಿಯಂ ಆಕ್ಸೈಡ್ ಎಂಜಿನ್ ಬಿಸಿಗೆ ಕ್ರಮೇಣ ಗಟ್ಟಿಕಟ್ಟಿ ಸತ್ವ ಕಳೆದುಕೊಳ್ಳುತ್ತಿತ್ತು. 1990ರ ದಶಕದಲ್ಲಿ ಅದಕ್ಕೆ ಜಿರ್ಕೋನಿಯಂ ಬೆರೆಸುವ ವಿಧಾನ ಬಂದ ಮೇಲೆ ಬಾಳಿಕೆ ಹೆಚ್ಚಿತು. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಇಲ್ಲದ ಪೆಟ್ರೋಲ್ ಬಂದದ್ದೂ ಆಗಲೇ, ಯಾಕೆಂದರೆ ಸೀಸ ಈ ಲೇಪವನ್ನು ಕೊಲ್ಲುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂದ ಮೇಲೆ ಬೈಕು, ಸ್ಕೂಟರುಗಳಿಗೂ ಇದು ಬೇಕೇ ಬೇಕು.

ಒಬ್ಬ ವಿದ್ಯಾರ್ಥಿ ಕೇಳಿದ: “ಸಾರ್, ಒಳಗಿನ ಸೀರಿಯಂ ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ?”

ಒಳ್ಳೆಯ ಪ್ರಶ್ನೆ. ಕಾರಿಗೇ ಗೊತ್ತಾಗುತ್ತದೆ. ಕನ್ವರ್ಟರ್‌ನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದರ ಸಿಗ್ನಲ್ ಮೇಲೆ ಕೆಳಗೆ ಕುಣಿಯುತ್ತಿರಬೇಕು, ಹಿಂದಿನದು ಶಾಂತವಾಗಿರಬೇಕು. ಯಾಕೆಂದರೆ ನಡುವಿನ ಸೀರಿಯಂ ಏರಿಳಿತವನ್ನು ನುಂಗಿಕೊಂಡಿರುತ್ತದೆ. ಹಿಂದಿನದೂ ಕುಣಿಯತೊಡಗಿದರೆ ಸೀರಿಯಂ ಸೋತಿದೆ ಅಂತ ಅರ್ಥ. ಆಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ‘ಕನ್ವರ್ಟರ್ ಹೋಗಿದೆ’ ಅನ್ನುತ್ತಾರಲ್ಲ, ಅವರು ಅಳೆಯುತ್ತಿರುವುದು ಪ್ಲಾಟಿನಂ ಅನ್ನಲ್ಲ, ಸೀರಿಯಂ ಎಷ್ಟು ಆಕ್ಸಿಜನ್ ಹಿಡಿದಿಡುತ್ತದೆ ಅನ್ನುವುದನ್ನು.

ಈ ವಿಷಯದಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕೆಲಸ ಹೇಳಬೇಕು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲ್ 1980ರ ದಶಕದಲ್ಲಿ ಆಕ್ಸೈಡ್‌ಗಳನ್ನು ತಯಾರಿಸಲು ಒಂದು ಸರಳ ವಿಧಾನ ಕಂಡುಕೊಂಡರು. ಲೋಹದ ನೈಟ್ರೇಟ್ ಮತ್ತು ಒಂದು ಇಂಧನ, ಎರಡನ್ನೂ ನೀರಿನಲ್ಲಿ ಕರಗಿಸಿ ಬಟ್ಟಲನ್ನು ಬಿಸಿ ಕುಲುಮೆಯಲ್ಲಿ ಇಡುವುದು. ದ್ರಾವಣ ಕುದಿಯುತ್ತದೆ, ನೊರೆಯೇಳುತ್ತದೆ, ತಾನಾಗಿ ಹೊತ್ತಿಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಬಟ್ಟಲ ತುಂಬ ಹಗುರವಾದ ಪುಡಿ. ಇದೇ ವಿಧಾನದಿಂದ ಪ್ರೊ. ಎಂ.ಎಸ್. ಹೆಗ್ಡೆ ಮತ್ತು ಜತೆಗಾರರು ಸೀರಿಯಂ ಆಕ್ಸೈಡಿನ ಹರಳಿನ ಒಳಗೇ ಪಲ್ಲೇಡಿಯಂ, ಪ್ಲಾಟಿನಂ ಅಯಾನುಗಳನ್ನು ಕೂರಿಸಿದರು. ಮಾಮೂಲಿ ಕನ್ವರ್ಟರ್‌ನಲ್ಲಿ ಈ ಲೋಹಗಳು ಮೇಲ್ಮೈ ಮೇಲೆ ಕಣ ಕಣವಾಗಿ ಕೂತಿರುತ್ತವೆ. ಕಣದ ಒಳಗಿರುವ ಪರಮಾಣುಗಳು ದಂಡ. ಒಂದೊಂದು ಅಯಾನೂ ಹರಳಿನಲ್ಲಿ ಸೇರಿಕೊಂಡರೆ ದುಬಾರಿ ಲೋಹ ಕಮ್ಮಿ ಸಾಕು.

ಉಜ್ಜುವುದು, ಎರಕ, ಬೆಳಕು

ನಿಮ್ಮ ಮೊಬೈಲಿನ ಗಾಜು, ಕ್ಯಾಮೆರಾ ಲೆನ್ಸು, ಟಿವಿ ಪರದೆ ಎಲ್ಲಕ್ಕೂ ಕೊನೆಯ ನುಣುಪು ಕೊಡುವುದು ಸೀರಿಯಂ ಆಕ್ಸೈಡ್ ಪುಡಿ. ಶುದ್ಧವಾದದ್ದು ತಿಳಿಹಳದಿ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಕಂದು ಅಥವಾ ನಸುಗೆಂಪು, ಅದರಲ್ಲಿ ಪ್ರಸಿಯೋಡಿಮಿಯಂ ಅನ್ನುವ ಇನ್ನೊಂದು ರೇರ್ ಅರ್ಥ್ ಸೇರಿರುತ್ತದೆ. ವೈಪರ್ ಗೀರಿದ ಕಾರಿನ ಗಾಜಿಗೆ ಇದೇ ಪುಡಿಯನ್ನು ನೀರಿನಲ್ಲಿ ಕಲಸಿ, ಫೆಲ್ಟ್ ಪ್ಯಾಡಿನಿಂದ ಉಜ್ಜಿ ಕೊಡುತ್ತಾರೆ.

ಟೆಲಿಸ್ಕೋಪಿನ ಕನ್ನಡಿಯನ್ನು ಕೈಯಲ್ಲೇ ಮಾಡುವ ಹವ್ಯಾಸಿಗಳು ಬೆಂಗಳೂರಿನಲ್ಲಿ ಇದ್ದಾರೆ. ಅವರ ಕೆಲಸ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ಕಾರ್ಬೊರಂಡಂ ಪುಡಿ ಹಾಕಿ ಗಾಜಿನ ಮೇಲೆ ಗಾಜು ಉಜ್ಜುತ್ತಾರೆ. ದಪ್ಪ ಪುಡಿ, ಆಮೇಲೆ ಸಣ್ಣದು, ಇನ್ನೂ ಸಣ್ಣದು. ಗಾಜು ಬೇಕಾದ ಆಕಾರಕ್ಕೆ ಬರುತ್ತದೆ, ಆದರೆ ಮಂಜು ಕವಿದಂತೆ ಇರುತ್ತದೆ. ಇನ್ನೆಷ್ಟು ಸಣ್ಣ ಪುಡಿ ಹಾಕಿದರೂ ಆ ಮಂಜು ಪೂರ್ತಿ ಹೋಗುವುದಿಲ್ಲ. ಆಗ ಡಾಂಬರಿನಂಥ ಪಿಚ್ ಹಾಸಿ, ಸೀರಿಯಂ ನೀರು ಬಳಿದು ಉಜ್ಜುತ್ತಾರೆ. ಸ್ವಲ್ಪ ಹೊತ್ತಿಗೇ ನಡುವೆ ಹೊಳಪು ಇಣುಕುತ್ತದೆ.

ಇಲ್ಲಿ ಗುಟ್ಟೇನೆಂದರೆ ಸೀರಿಯಂ ಗಾಜಿಗಿಂತ ಗಡುಸೇನಲ್ಲ, ಹೆಚ್ಚುಕಮ್ಮಿ ಸಮ. ಅದು ಗೀರುವುದಕ್ಕಿಂತ ಜಾಸ್ತಿ ರಸಾಯನ ಕ್ರಿಯೆಯಿಂದ ಕೆಲಸ ಮಾಡುತ್ತದೆ. ನೀರು ಗಾಜಿನ ಮೇಲ್ಮೈಯನ್ನು ಮೆದು ಮಾಡುತ್ತದೆ. ಪುಡಿಯ ಸೀರಿಯಂ ಗಾಜಿನ ಸಿಲಿಕಾನ್ ಜತೆ ಆಕ್ಸಿಜನ್ ಮೂಲಕ ಕ್ಷಣಕಾಲ ಬೆಸೆದುಕೊಳ್ಳುತ್ತದೆ. ಪುಡಿ ಮುಂದೆ ಸರಿದಾಗ ಆ ಸಿಲಿಕಾನ್ ಕಿತ್ತು ಬರುತ್ತದೆ. 1940ರ ದಶಕದವರೆಗೆ ಈ ಕೆಲಸಕ್ಕೆ ಕೆಂಪು ಕಬ್ಬಿಣದ ಆಕ್ಸೈಡ್ ಬಳಸುತ್ತಿದ್ದರು. ಕೈ, ಬಟ್ಟೆ, ಗೋಡೆ ಎಲ್ಲ ಕೆಂಪು, ಕೆಲಸವೂ ನಿಧಾನ. ಈಗ ಕಂಪ್ಯೂಟರ್ ಚಿಪ್ ಮಾಡುವಾಗ ನಡುನಡುವೆ ಕೆಲವು ಪದರಗಳನ್ನು ಮಟ್ಟಸ ಮಾಡಲೂ ಸೀರಿಯಂ ಆಕ್ಸೈಡ್ ಕಲಸಿದ ನೀರನ್ನು ಬಳಸುತ್ತಾರೆ.

ಗಾಜಿನ ಒಳಗೂ ಸೀರಿಯಂಗೆ ಕೆಲಸವಿದೆ. ಉಪಗ್ರಹದ ಸೌರಫಲಕದ ಮೇಲೆ ಹೊದಿಸುವ ತೆಳು ಗಾಜು ವಿಕಿರಣಕ್ಕೆ ಕಂದಾಗಿಬಿಟ್ಟರೆ ಫಲಕಕ್ಕೆ ಬಿಸಿಲೇ ತಲುಪುವುದಿಲ್ಲ. ಸೀರಿಯಂ ಸೇರಿಸಿದ ಗಾಜು ಹಾಗೆ ಕಂದಾಗುವುದಿಲ್ಲ. ವಿಕಿರಣ ಎಬ್ಬಿಸಿದ ಬಿಡಿ ಎಲೆಕ್ಟ್ರಾನ್‌ಗಳನ್ನೂ ಅವು ಬಿಟ್ಟುಹೋದ ಖಾಲಿ ಜಾಗಗಳನ್ನೂ ಸೀರಿಯಂ ಸಂಭಾಳಿಸುತ್ತದೆ.

ಬೆಳಗಾವಿ ಕಡೆಯವರು ಯಾರಾದರೂ ಇದ್ದೀರಾ? ನಿಮ್ಮೂರಿನ ಫೌಂಡ್ರಿಗಳಿಗೂ ಸೀರಿಯಂಗೂ ನಂಟಿದೆ. ಸಾಧಾರಣ ಬೀಡುಕಬ್ಬಿಣ ಬಡಿದರೆ ಒಡೆಯುತ್ತದೆ. ಕಾರಣ, ಅದರೊಳಗಿನ ಇಂಗಾಲ ತೆಳು ಚಕ್ಕೆಗಳಾಗಿ ಹರಡಿರುತ್ತದೆ, ಬಿರುಕು ಅಲ್ಲಿಂದಲೇ ಶುರು. 1948ರಲ್ಲಿ ಇಂಗ್ಲೆಂಡಿನ ಹೆನ್ಟನ್ ಮೊರೋ ಕರಗಿದ ಕಬ್ಬಿಣಕ್ಕೆ ಚೂರು ಸೀರಿಯಂ ಹಾಕಿದರೆ ಆ ಇಂಗಾಲ ಗುಂಡು ಗುಂಡಾಗುತ್ತದೆ ಅಂತ ತೋರಿಸಿದ. ಚಕ್ಕೆ ಗುಂಡಾದರೆ ಕಬ್ಬಿಣ ಬಾಗುತ್ತದೆ, ಒಡೆಯುವುದಿಲ್ಲ. ಅದೇ ಎಸ್‌ಜಿ ಐರನ್. ಆಮೇಲೆ ಮೆಗ್ನೀಸಿಯಂ ಅಗ್ಗ ಅಂತ ಕಂಡು ಮುಖ್ಯ ಪಾತ್ರ ಅದಕ್ಕೆ ಹೋಯಿತು. ಆದರೆ ಫೌಂಡ್ರಿಗೆ ಬರುವ ಮೆಗ್ನೀಸಿಯಂ ಮಿಶ್ರಣದಲ್ಲಿ ಈಗಲೂ ಸಾಮಾನ್ಯವಾಗಿ ಸ್ವಲ್ಪ ರೇರ್ ಅರ್ಥ್ ಇರುತ್ತದೆ. ಗುಜರಿ ಕಬ್ಬಿಣದ ಜತೆ ನುಸುಳುವ ಸೀಸ, ಬಿಸ್ಮತ್‌ನಂಥ ಕಿಡಿಗೇಡಿಗಳನ್ನು ಅದು ಕಟ್ಟಿಹಾಕುತ್ತದೆ. ಇಲ್ಲಿ ಎಲೆಕ್ಟ್ರಾನಿನ ಹೊಸ್ತಿಲಾಟ ಏನೂ ಇಲ್ಲ ಅಂತ ಒಪ್ಪಿಕೊಳ್ಳಬೇಕು. ಆಕ್ಸಿಜನ್, ಗಂಧಕಗಳ ಮೇಲೆ ಈ ಲೋಹಕ್ಕಿರುವ ವಿಪರೀತ ಹಸಿವೇ ಕಾರಣ.

ಬೆಳಕಿನ ವಿಷಯಕ್ಕೆ ಬಂದರೆ ಆ ಎಲೆಕ್ಟ್ರಾನ್ ಮತ್ತೆ ಹಾಜರ್. ಈ ಸಭಾಂಗಣದ ಎಲ್‌ಇಡಿ ಬಲ್ಬುಗಳ ಒಳಗಿನ ಚಿಪ್ ಕೊಡುವುದು ನೀಲಿ ಬೆಳಕು. ಚಿಪ್ಪಿನ ಮೇಲೆ ಹಳದಿ ಲೇಪ ಇದೆಯಲ್ಲ, ಅದು ಇಟ್ರಿಯಂ ಅಲ್ಯುಮಿನಿಯಂ ಗಾರ್ನೆಟ್ ಹರಳಿಗೆ ಒಂದಿಷ್ಟು ಸೀರಿಯಂ ಬೆರೆಸಿದ್ದು. ನೀಲಿ ಬೆಳಕು ಬಿದ್ದಾಗ ಸೀರಿಯಂನ ಎಲೆಕ್ಟ್ರಾನ್ 4ಎಫ್‌ನಿಂದ ಮೇಲಿನ 5ಡಿ ಅನ್ನುವ ಕೋಣೆಗೆ ಜಿಗಿಯುತ್ತದೆ. ಇಳಿಯುವಾಗ ಹಳದಿ ಬೆಳಕು ಚೆಲ್ಲುತ್ತದೆ. ಉಳಿದ ನೀಲಿ, ಹೊಸ ಹಳದಿ ಸೇರಿ ಕಣ್ಣಿಗೆ ಬಿಳಿ. 1996ರಲ್ಲಿ ಜಪಾನಿನ ನಿಚಿಯಾ ಕಂಪನಿ ಇಂಥ ಬಿಳಿ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದಿತು. ಈ ಜಿಗಿತ ಬಹಳ ಬೇಗ ಮುಗಿಯುವುದರಿಂದ ಕ್ಯಾನ್ಸರ್ ಆಸ್ಪತ್ರೆಯ ಪೆಟ್ ಸ್ಕ್ಯಾನ್ ಯಂತ್ರದ ಹರಳುಗಳಲ್ಲೂ ಸೀರಿಯಂ ಇದೆ. ಗಾಮಾ ಕಿರಣ ಬಡಿದಾಗ ಹರಳು ಮಿನುಗಿ ಆರಲು ಸುಮಾರು 40 ನ್ಯಾನೋಸೆಕೆಂಡ್ ಸಾಕು.

ಅಗ್ಗ ಯಾಕೆ, ಮುಂದೇನು

ಸೀರಿಯಂ ಅಗ್ಗವಾಗಲು ಹೇರಳವಾಗಿರುವುದು ಒಂದು ಕಾರಣ. ಬೇರ್ಪಡಿಸಲು ಸುಲಭ ಅನ್ನುವುದು ಇನ್ನೊಂದು. ರೇರ್ ಅರ್ಥ್‌ಗಳೆಲ್ಲ 3+ ಆಗಿ ಒಂದೇ ಥರ ವರ್ತಿಸುವುದರಿಂದ ಅವನ್ನು ಬಿಡಿಸಲು ನೂರಾರು ತೊಟ್ಟಿಗಳಲ್ಲಿ ಆಮ್ಲ, ದ್ರಾವಕಗಳನ್ನು ಮತ್ತೆ ಮತ್ತೆ ಕಲಕಬೇಕು. ಸೀರಿಯಂ ಮಾತ್ರ ಗಾಳಿಯಲ್ಲಿ ಬಿಸಿ ಮಾಡಿದರೆ 4+ ಆಗುತ್ತದೆ. ದುರ್ಬಲ ಆಮ್ಲ ಹಾಕಿದರೆ ಮಿಕ್ಕವು ಕರಗುತ್ತವೆ, ಸೀರಿಯಂ ತಳದಲ್ಲಿ ಕೂರುತ್ತದೆ.

ಹಾಗಂತ ಅದರ ಬೆಲೆ ಯಾವಾಗಲೂ ಮಲಗಿರಲಿಲ್ಲ. 2010ರಲ್ಲಿ ಚೀನಾ ರಫ್ತಿನ ಕೋಟಾ ಬಿಗಿ ಮಾಡಿತು. ನಾಲ್ಕೈದು ಡಾಲರಿಗೆ ಸಿಗುತ್ತಿದ್ದ ಒಂದು ಕಿಲೋ ಸೀರಿಯಂ ಆಕ್ಸೈಡ್ 2011ರಲ್ಲಿ ನೂರು ಡಾಲರ್ ದಾಟಿತು. ಗಾಜಿನ ಕಾರ್ಖಾನೆಗಳು ತತ್ತರಿಸಿದವು. ಆಮೇಲೆ ಬೇರೆ ಕಡೆ ಗಣಿಗಳು ತೆರೆದವು, ಬೆಲೆ ಮತ್ತೆ ನೆಲ ಕಚ್ಚಿತು. ಈಗ ಆಯಸ್ಕಾಂತಕ್ಕಾಗಿ ಎಲ್ಲ ದೇಶಗಳೂ ಅಗೆಯಲು ಹೊರಟಿವೆ. ನಿಯೋಡಿಮಿಯಂ ಮಾರಾಟವಾಗುತ್ತದೆ, ಸೀರಿಯಂ ಗೋದಾಮಿನಲ್ಲಿ ಬೆಳೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ರೇರ್ ಅರ್ಥ್ ಗಣಿಯ ಲಾಭ ನಷ್ಟ ತೀರ್ಮಾನವಾಗುವಲ್ಲಿ ಈ ಗೋದಾಮಿನದೂ ದೊಡ್ಡ ಪಾಲು. ಅದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಇತರರ ಜತೆ ಸೇರಿ ಅಲ್ಯುಮಿನಿಯಂಗೆ ಸೀರಿಯಂ ಬೆರೆಸಿ, ಎಂಜಿನ್ ಬಿಸಿಗೆ ಮೆತ್ತಗಾಗದ ಮಿಶ್ರಲೋಹ ಮಾಡಿದ್ದಾರೆ. ಉದ್ದೇಶವೇ ಸೀರಿಯಂ ಖರ್ಚು ಮಾಡುವುದು. ಕಬ್ಬಿಣ ಬೆರೆಸಿ ಲೈಟರ್ ಕಲ್ಲು ಮಾಡಿದ ಔವರ್‌ನದೂ ಇದೇ ಯೋಚನೆ ಆಗಿತ್ತು ಅಲ್ವಾ?

ಕೊನೆಗೆ ಎರಡು ಪ್ರಶ್ನೆ ಬಂದವು.

ಒಬ್ಬ ಹಿರಿಯರು: “ಮನೇಲಿ ಹಳೇ ಮ್ಯಾಂಟಲ್ ಒಂದು ಡಬ್ಬಿ ಇದೆ. ವಿಕಿರಣ ಅಂತಾರಲ್ಲ, ಬಿಸಾಕಬೇಕಾ?”

ಸೀರಿಯಂನಿಂದ ತೊಂದರೆ ಇಲ್ಲ ಸಾರ್. ವಿಕಿರಣ ಇರುವುದು ಥೋರಿಯಂನಲ್ಲಿ. ಡಬ್ಬಿಯಲ್ಲಿ ಸುಮ್ನೆ ಇದ್ದರೆ ಭಯಪಡುವಷ್ಟೇನಿಲ್ಲ. ಆದರೆ ಸುಟ್ಟ ಮ್ಯಾಂಟಲಿನ ಬೂದಿ ಊದಬೇಡಿ, ಉಸಿರಿನಲ್ಲಿ ಒಳಗೆ ಹೋಗಬಾರದು. ಮಕ್ಕಳ ಕೈಗೆ ಕೊಡಬೇಡಿ. ಈಗ ಎಷ್ಟೋ ಕಂಪನಿಗಳು ಥೋರಿಯಂ ಬಿಟ್ಟು ಇಟ್ರಿಯಂ ಬಳಸುತ್ತವೆ.

ಹಿಂದಿನ ಸಾಲಿನ ಒಬ್ಬ ಹುಡುಗಿ: “ಸಾರ್, ಸೀರಿಯಂ ರೀಸೈಕಲ್ ಮಾಡಲ್ವಾ?”

ಮಾಡಬಹುದಮ್ಮಾ. ಬೆಲೆ ಏರಿದ್ದಾಗ ಜಪಾನಿನ ಗಾಜಿನ ಕಾರ್ಖಾನೆಗಳು ಉಜ್ಜಿದ ಕೆಸರನ್ನು ಸೋಸಿ ಪುಡಿಯನ್ನು ಮತ್ತೆ ಬಳಸುವುದನ್ನು ಚೆನ್ನಾಗಿ ಕಲಿತವು. ಬೆಲೆ ಇಳಿದ ಮೇಲೆ ಹೊಸ ಪುಡಿಯೇ ಅಗ್ಗವಾಯಿತು. ಹಳೆಯ ಕನ್ವರ್ಟರ್‌ಗಳನ್ನು ಮಾತ್ರ ಈಗಲೂ ಜೋಪಾನವಾಗಿ ಕರಗಿಸುತ್ತಾರೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಗ್ರಾಂ ಲೆಕ್ಕದಲ್ಲಿ ವಾಪಸ್ ಬರುತ್ತವೆ. ಸೀರಿಯಂ ಪಿಂಗಾಣಿಯ ಜತೆ ಕಿಟ್ಟದಲ್ಲಿ ಸೇರಿ ಹೊರಗೆ ಹೋಗುತ್ತದೆ.